ಅಡ್ಡರಸ್ತೆ ವನ್ ವೇ ಆಯಿತು, ನೋ ಪಾರ್ಕಿಂಗ್ ಬೋರ್ಡೂ ಬಂತು: ಯಾರನ್ನು ಕೇಳಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಮಂಗಳೂರಿನಲ್ಲಿ ನಿಮ್ಮ ಮನೆ ಇರುವ ಅಡ್ಡರಸ್ತೆಯನ್ನು ವನ್ ವೇ ಮಾಡಿದ್ದಾರೆ. ಒಂದು ಬದಿಗೆ ನೋ ಪಾರ್ಕಿಂಗ್ ಬೋರ್ಡ್ ಬಂದಿದೆ. ಇದನ್ನು ತೀರ್ಮಾನ ಮಾಡಿದವರು ಯಾರು, ಮನೆ ಮುಂದೆ ಕಾರು ನಿಲ್ಲಿಸುವ ಹಕ್ಕು ನಿಮಗಿಲ್ವಾ, ಇದನ್ನು ಬದಲಾಯಿಸಲು ಆಗುತ್ತದಾ ಅಂತ ಕೇಳಿದ್ದೀರಿ. ನಾನು ಕದ್ರಿ ಕಡೆಯ ಇಂಥದ್ದೇ ಒಂದು ಅಡ್ಡರಸ್ತೆಯಲ್ಲಿ ಇರುವವನು. ನಮ್ಮ ರಸ್ತೆಯ ಪಾರ್ಕಿಂಗ್ ವಿಷಯಕ್ಕೆ ಅಕ್ಕಪಕ್ಕದವರ ಜೊತೆ ಅರ್ಜಿ ಹಿಡಿದು ಓಡಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ಬೋರ್ಡನ್ನು ಹತ್ತಿರ ಹೋಗಿ ನೋಡಿ. ನಮ್ಮೂರಿನ ನೋ ಪಾರ್ಕಿಂಗ್ ಬೋರ್ಡುಗಳಲ್ಲಿ ಎಷ್ಟೋ ಸರ್ಕಾರದವಲ್ಲ. ಅಂಗಡಿಯವರೋ ಕ್ಲಿನಿಕ್‌ನವರೋ ಫ್ಲ್ಯಾಟಿನವರೋ ತಾವೇ ಬರೆಸಿ ನಿಲ್ಲಿಸಿದ್ದು. ಜೊತೆಗೆ ಹಳೆ ಟಯರು, ಸಿಮೆಂಟ್ ತುಂಬಿದ ಡಬ್ಬ, ಎರಡು ಕಂಬದ ನಡುವೆ ಸರಪಳಿ. ಇಂಥ ಬೋರ್ಡಿಗೆ ಕಾನೂನಿನ ಬಲ ಇಲ್ಲ. ಸಾರ್ವಜನಿಕ ರಸ್ತೆಯಲ್ಲಿ ಹಾಗೆ ಅಡ್ಡ ಇಡುವುದೇ ತಪ್ಪು, ಪಾಲಿಕೆ ಅದನ್ನು ತೆಗೆಸಬಹುದು. ಆದರೆ ಒಂದು ಮಾತು ನೆನಪಿರಲಿ. ಗೇಟಿಗೆ ಅಡ್ಡ, ಫುಟ್‌ಪಾತ್ ಮೇಲೆ, ತಿರುವಿನಲ್ಲಿ, ಬಸ್ ಸ್ಟಾಪಿನ ಹತ್ತಿರ, ಶಾಲೆ ಅಥವಾ ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಬಾರದು ಅನ್ನಲು ಬೋರ್ಡೇ ಬೇಕಿಲ್ಲ. ಅದು ಎಲ್ಲ ರಸ್ತೆಗೂ ಇರುವ ನಿಯಮ.

ಬೋರ್ಡ್ ಅಧಿಕೃತವಾದದ್ದು ಅಂತಾದರೆ ಅದರ ಹಿಂದೆ ಒಂದು ಆದೇಶ ಇರಲೇಬೇಕು. ಆ ಕಾಗದ ಯಾರದ್ದು ಅಂತ ಗೊತ್ತಾದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ರಸ್ತೆ ಪಾಲಿಕೆಯದ್ದು, ಕಾಂಕ್ರೀಟ್ ಹಾಕಿಸಿದ್ದು ಪಾಲಿಕೆ, ಹಾಗಾಗಿ ತೀರ್ಮಾನವೂ ಪಾಲಿಕೆಯದ್ದೇ ಅಂತ ನಮ್ಮಲ್ಲಿ ಹೆಚ್ಚಿನವರು ತಿಳಿದುಕೊಂಡಿದ್ದಾರೆ. ಹಾಗಲ್ಲ. ವಾಹನ ಸಂಚಾರಕ್ಕೆ ನಿರ್ಬಂಧ ಹಾಕುವ ಅಧಿಕಾರ ಇರುವುದು 1988ರ ಮೋಟಾರು ವಾಹನ ಕಾಯ್ದೆಯಲ್ಲಿ. ಸೆಕ್ಷನ್ 115 ವನ್ ವೇ, ಘನ ವಾಹನ ನಿಷೇಧದಂಥ ನಿರ್ಬಂಧಗಳಿಗೆ. 116 ಬೋರ್ಡ್ ಹಾಕುವುದಕ್ಕೆ. 117 ಪಾರ್ಕಿಂಗ್ ಜಾಗ ಗುರುತಿಸುವುದಕ್ಕೆ. ಇವುಗಳ ಜೊತೆ 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ 221-ಎ ಸೇರಿಸಿ ಆದೇಶ ಹೊರಡಿಸುತ್ತಾರೆ. ಪೇಪರಿನಲ್ಲಿ ಬರುವ ಸಂಚಾರ ಬದಲಾವಣೆಯ ಪ್ರಕಟಣೆಗಳಲ್ಲಿ ಈ ಅಂಕಿಗಳನ್ನು ನೀವು ನೋಡಿರಬಹುದು.

ಮಂಗಳೂರಿಗೆ 2010ರಿಂದ ಪೊಲೀಸ್ ಕಮಿಷನರೇಟ್ ಇದೆ. ಹಾಗಾಗಿ ನಗರದೊಳಗೆ ಇಂಥ ಆದೇಶಗಳು ಬರುವುದು ಕಮಿಷನರ್ ಕಚೇರಿಯಿಂದ. ಉಡುಪಿಯಲ್ಲಿ ಕಮಿಷನರೇಟ್ ಇಲ್ಲ, ಅಲ್ಲಿ ಜಿಲ್ಲಾಧಿಕಾರಿ. ಪಾಲಿಕೆ ಅಥವಾ ನಗರಸಭೆಯ ಪಾಲು ಏನೆಂದರೆ ರಸ್ತೆ ಕಟ್ಟುವುದು, ಗೆರೆ ಎಳೆಯುವುದು, ಫುಟ್‌ಪಾತ್ ತೆರವು, ಪೇ ಪಾರ್ಕಿಂಗ್ ಟೆಂಡರ್, ಕಟ್ಟಡದ ಪರವಾನಗಿ. ಸೆಕ್ಷನ್ 117ರಲ್ಲಿ ಇನ್ನೊಂದು ಮುಖ್ಯ ಮಾತಿದೆ. ಪಾರ್ಕಿಂಗ್ ಜಾಗ ನಿಗದಿ ಮಾಡುವಾಗ ಆ ಪ್ರದೇಶದ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚನೆ ಮಾಡಬೇಕು. ಅಂದರೆ ಪಾರ್ಕಿಂಗ್ ವಿಷಯದಲ್ಲಿ ಇಬ್ಬರೂ ಒಟ್ಟಿಗೆ ಕೂರಲೇಬೇಕು. ಅರ್ಜಿಯ ಒಂದು ಪ್ರತಿ ಪೊಲೀಸರಿಗೆ, ಒಂದು ಪ್ರತಿ ಪಾಲಿಕೆಗೆ ಕೊಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ನಿಮ್ಮ ರಸ್ತೆಯ ಆದೇಶ ತಾತ್ಕಾಲಿಕವೋ ಕಾಯಂ ಆದದ್ದೋ ಅಂತ ನೋಡಿ. ಸೆಕ್ಷನ್ 115ರ ಪ್ರಕಾರ ನಿರ್ಬಂಧ ಒಂದು ತಿಂಗಳು ಮೀರುವುದಿಲ್ಲ ಅಂತಾದರೆ ಗೆಜೆಟ್‌ನಲ್ಲಿ (ಸರ್ಕಾರದ ರಾಜ್ಯಪತ್ರದಲ್ಲಿ) ಪ್ರಕಟಿಸಬೇಕಿಲ್ಲ, ಊರಿಗೆ ತಿಳಿಯುವಂತೆ ಪ್ರಚಾರ ಮಾಡಿದರೆ ಸಾಕು. ಕುದ್ರೋಳಿ ದಸರಾಕ್ಕೆ, ರಥಬೀದಿಯ ತೇರಿಗೆ, ಉಡುಪಿಯ ಪರ್ಯಾಯಕ್ಕೆ ಆಗುವ ಬದಲಾವಣೆಗಳೆಲ್ಲ ಈ ಜಾತಿಯವು. ಒಂದು ತಿಂಗಳು ಮೀರುತ್ತದೆ ಅಂದರೆ ಗೆಜೆಟ್ ಅಧಿಸೂಚನೆ ಬೇಕು. ಚರಂಡಿ ಕೆಲಸಕ್ಕೋ ಕಾಂಕ್ರೀಟ್ ಕೆಲಸಕ್ಕೋ ಅಂತ ವನ್ ವೇ ಮಾಡಿ, ಕೆಲಸ ಮುಗಿದ ಮೇಲೂ ಬೋರ್ಡ್ ಹಾಗೇ ಉಳಿದರೆ ಕೇಳಬೇಕಾದ ಪ್ರಶ್ನೆ ಇದು: ಈ ರಸ್ತೆಗೆ ಅಧಿಸೂಚನೆ ಆಗಿದೆಯಾ, ಆಗಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕ ಏನು? ಜಗಳ ಬೇಡ, ಇಷ್ಟನ್ನು ಬರೆದು ಕೇಳಿ. ಜನರ ಆಕ್ಷೇಪ ಕೇಳಿಯೇ ಆದೇಶ ಮಾಡಬೇಕು ಅಂತ ಸೆಕ್ಷನ್ 115 ಹೇಳುವುದಿಲ್ಲ. ಹಾಗಾಗಿ "ನಮ್ಮನ್ನು ಕೇಳಲಿಲ್ಲ" ಅನ್ನುವ ವಾದ ಒಂದರಿಂದಲೇ ಆದೇಶ ಬೀಳುವುದಿಲ್ಲ.

ಹಕ್ಕಿನ ವಿಷಯಕ್ಕೆ ಬರುತ್ತೇನೆ. ಇದು ಹಲವರಿಗೆ ಇಷ್ಟವಾಗದ ಉತ್ತರ. ಮನೆ ಮುಂದಿನ ರಸ್ತೆ ನಿಮ್ಮದಲ್ಲ, ನನ್ನದೂ ಅಲ್ಲ. ಕಾಂಪೌಂಡಿನ ಹೊರಗಿನ ಜಾಗ ಎಲ್ಲರದ್ದು. ತೆರಿಗೆ ಕಟ್ಟುತ್ತೇವೆ ಅನ್ನುವ ಮಾತು ನಿಜ, ಆದರೆ ಆ ತೆರಿಗೆಯಿಂದ ಪಾರ್ಕಿಂಗ್ ಜಾಗ ಸಿಗುವುದಿಲ್ಲ. ಕೆಲವು ದೇಶಗಳಲ್ಲಿ ಬೀದಿಯ ನಿವಾಸಿಗಳಿಗೆ ಪಾರ್ಕಿಂಗ್ ಪರ್ಮಿಟ್ ಕೊಡುವ ಪದ್ಧತಿ ಇದೆ. ಬೆಂಗಳೂರಿನ ಪಾರ್ಕಿಂಗ್ ನೀತಿಯಲ್ಲೂ ಅಂಥ ಆಲೋಚನೆ ಬಂದಿದೆ. ನಮ್ಮಲ್ಲೂ ಅದು ಬರಲಿ ಅಂತ ನನಗೆ ಆಸೆ ಇದೆ, ಆದರೆ ಇವತ್ತು ನೀವು ಅದನ್ನು ಹಕ್ಕು ಅಂತ ಕೇಳುವ ಹಾಗಿಲ್ಲ. ನಿಮಗೆ ಖಂಡಿತ ಇರುವ ಹಕ್ಕು ಬೇರೆ. ನಿಮ್ಮ ಮನೆಗೆ ಹೋಗಿ ಬರುವ ಹಕ್ಕು. ಗೇಟಿಗೆ ಅಡ್ಡ ಗಾಡಿ ನಿಂತಿದ್ದರೆ, ಆಂಬುಲೆನ್ಸ್ ಒಳಗೆ ಬರಲು ಆಗದಿದ್ದರೆ, ನಡೆಯುವವರಿಗೆ ಫುಟ್‌ಪಾತ್ ಇಲ್ಲದಿದ್ದರೆ ನೀವು ಜೋರಾಗಿಯೇ ಕೇಳಬಹುದು. ಅಧಿಕಾರಿಗಳು ಕಿವಿಗೊಡುವುದೂ ಈ ಮಾತಿಗೆ.

ನಮ್ಮ ರಸ್ತೆಯಲ್ಲಿ ಆದದ್ದನ್ನು ಹೇಳುತ್ತೇನೆ. ಎರಡೂ ಬದಿ ಕಾರು ನಿಲ್ಲುತ್ತಿತ್ತು. ಮೂಲೆಯ ಮನೆಯ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಂದ ಆಂಬುಲೆನ್ಸ್ ತಿರುವಿನಲ್ಲೇ ನಿಂತಿತು. ಸ್ಟ್ರೆಚರನ್ನು ಅಲ್ಲಿಯವರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಆಮೇಲೆ ನಾವು ಕೆಲವರು ಟೇಪ್ ಹಿಡಿದು ರಸ್ತೆ ಅಳೆದೆವು. ನೀವೂ ಇದನ್ನು ಮಾಡಿ, ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಲೆಕ್ಕ ಸುಲಭ. ಸಾಧಾರಣ ಕಾರಿನ ಅಗಲ 1.7ರಿಂದ 1.8 ಮೀಟರ್. ರಸ್ತೆ 6 ಮೀಟರ್ ಇದ್ದು ಎರಡೂ ಬದಿ ಕಾರು ನಿಂತರೆ, ಗೋಡೆ ಕಡೆಗೆ ಬಿಡುವ ಸ್ವಲ್ಪ ಜಾಗವನ್ನೂ ಸೇರಿಸಿದರೆ, ನಡುವೆ ಉಳಿಯುವುದು ಎರಡೂಕಾಲು ಮೀಟರ್ ಅಷ್ಟೇ. ನಮ್ಮ ದೇಶದಲ್ಲಿ ದೊಡ್ಡ ವಾಹನಕ್ಕೆ 2.6 ಮೀಟರ್‌ವರೆಗೆ ಅಗಲ ಇರಬಹುದು. ಅಗ್ನಿಶಾಮಕದ ದೊಡ್ಡ ಗಾಡಿ ಅಲ್ಲಿ ಹೇಗೆ ಹೋಗುತ್ತದೆ? ಒಂದೇ ಬದಿ ನಿಲ್ಲಿಸಿದರೆ ನಾಲ್ಕು ಮೀಟರಿನಷ್ಟು ಉಳಿಯುತ್ತದೆ. ನಮ್ಮ ಅರ್ಜಿಯಲ್ಲಿ ದೂರು ಜಾಸ್ತಿ ಇರಲಿಲ್ಲ, ಈ ಅಳತೆ ಇತ್ತು, ಒಂದು ಕೈಚಿತ್ರ ಇತ್ತು, ನಮ್ಮದೇ ಸಲಹೆ ಇತ್ತು: ಒಂದು ಬದಿ ಮಾತ್ರ ಪಾರ್ಕಿಂಗ್, ತಿರುವಿನಲ್ಲಿ ಎರಡೂ ಬದಿ ಬೇಡ.

ಒಪ್ಪಿಸಲು ಕಷ್ಟವಾದದ್ದು ಅಧಿಕಾರಿಗಳನ್ನಲ್ಲ, ನಮ್ಮ ನಮ್ಮಲ್ಲೇ. ಯಾವ ಬದಿ ಪಾರ್ಕಿಂಗ್ ಇರಬೇಕು ಅಂತ ವಾರಗಟ್ಟಲೆ ಮಾತಾಯಿತು. ಕೊನೆಯಲ್ಲಿ ಗೇಟು ಕಡಿಮೆ ಇರುವ ಬದಿ ಅಂತ ಒಪ್ಪಿಕೊಂಡೆವು. ಅಲ್ಲಿಯ ದಿನಸಿ ಅಂಗಡಿಯವರಿಗೆ ಬೇರೆಯೇ ಭಯ ಇತ್ತು, ಲೋಡ್ ಬರುವ ಗಾಡಿ ಎಲ್ಲಿ ನಿಲ್ಲಬೇಕು ಅಂತ. ಅವರ ಭಯ ನ್ಯಾಯವಾದದ್ದು. ಬೆಳಗ್ಗೆ ಬೇಗ ಲೋಡ್ ಇಳಿಸಲು ಸಮಯ ಬಿಟ್ಟುಕೊಡಿ ಅಂತ ಅರ್ಜಿಯಲ್ಲೇ ಸೇರಿಸಿದೆವು. ಸಂಚಾರ ಪೊಲೀಸರು ಬಂದು ಜಾಗ ನೋಡಿದರು. ತಕ್ಷಣ ಆಗಲಿಲ್ಲ, ತಿಂಗಳುಗಳು ಹಿಡಿದವು. ಆದರೆ ನಾವು ಕೇಳಿದ್ದಕ್ಕೆ ತುಂಬ ಹತ್ತಿರದ್ದೇ ಸಿಕ್ಕಿತು. ಅಂಗಡಿಯವರನ್ನು ಬಿಟ್ಟು ಅರ್ಜಿ ಕೊಟ್ಟಿದ್ದರೆ ಅವರದ್ದೊಂದು ಎದುರು ಅರ್ಜಿ ಹೋಗುತ್ತಿತ್ತು, ಎರಡೂ ಮೂಲೆಗೆ ಬೀಳುತ್ತಿದ್ದವು.

ವನ್ ವೇ ವಿಷಯದಲ್ಲಿ ಮಾತ್ರ ನನಗೆ ನಿಮ್ಮ ಮೇಲೆ ಪೂರ್ತಿ ಸಹಾನುಭೂತಿ ಇದೆ. ಮಂಗಳೂರು ಚೌಕಚೌಕವಾಗಿ ಬೆಳೆದ ಊರಲ್ಲ. ಗುಡ್ಡ, ತಗ್ಗು, ನಡುವೆ ತೋಡು. ಒಂದು ರಸ್ತೆಗೆ ಸಮಾನಾಂತರವಾಗಿ ಇನ್ನೊಂದು ರಸ್ತೆ ಇರುವುದೇ ಅಪರೂಪ. ಹಂಪನಕಟ್ಟೆ, ಕ್ಲಾಕ್ ಟವರ್ ಸುತ್ತಮುತ್ತ ವನ್ ವೇ ನಡೆಯುತ್ತದೆ, ಯಾಕೆಂದರೆ ಅಲ್ಲಿ ಸುತ್ತಿ ಬರಲು ಬೇರೆ ರಸ್ತೆಗಳಿವೆ. ಬಿಜೈ, ಮಣ್ಣಗುಡ್ಡ, ಫಳ್ನೀರ್ ಕಡೆಯ ಮನೆಗಳ ನಡುವಿನ ರಸ್ತೆಯನ್ನು ಹಾಗೆ ಮಾಡಿದರೆ ಸುತ್ತು ದೊಡ್ಡದಾಗುತ್ತದೆ, ಅಷ್ಟೂ ಗಾಡಿ ಪಕ್ಕದ ಇನ್ನೊಂದು ಸಣ್ಣ ರಸ್ತೆಗೆ ನುಗ್ಗುತ್ತದೆ. ರಿಕ್ಷಾದ ಬಾಡಿಗೆ ಹೆಚ್ಚುತ್ತದೆ. ವಯಸ್ಸಾದವರು ಬಸ್ಸಿಳಿದು ಮನೆಗೆ ರಿಕ್ಷಾ ಮಾಡುವಾಗ ಅದು ದಿನದಿನದ ಖರ್ಚು. ಇನ್ನೂ ಒಂದಿದೆ. ಎದುರಿನಿಂದ ಗಾಡಿ ಬರುವುದಿಲ್ಲ ಅಂತ ಗೊತ್ತಾದರೆ ಬೈಕು ಕಾರುಗಳ ವೇಗ ಜಾಸ್ತಿಯಾಗುತ್ತದೆ. ಮಕ್ಕಳು ಆಡುವ ರಸ್ತೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ನಿಮ್ಮ ಅರ್ಜಿಯಲ್ಲಿ ಇದನ್ನೆಲ್ಲ ಬರೆಯಿರಿ, ಸುತ್ತಿನ ದೂರವನ್ನು ಮೀಟರಿನಲ್ಲಿ ಬರೆಯಿರಿ.

ಪೂರ್ತಿ ರದ್ದು ಮಾಡಿ ಅಂತ ಕೇಳುವ ಬದಲು ಸಮಯಕ್ಕೆ ಕಟ್ಟಿ ಅಂತ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಹೆಚ್ಚಿನ ಕಡೆ ನಿಜವಾದ ತೊಂದರೆ ಇರುವುದು ಶಾಲೆ ಬಿಡುವ, ಸೇರುವ ಹೊತ್ತಿನಲ್ಲಿ ಮಾತ್ರ. ಬೆಳಗ್ಗೆ 8ರಿಂದ 10, ಸಂಜೆ 3ರಿಂದ 5 ವನ್ ವೇ ಇರಲಿ, ಉಳಿದ ಹೊತ್ತು ಬಿಡಿ ಅನ್ನಿ. ಭಾನುವಾರ ಯಾಕೆ ಬೇಕು?

ನನಗೆ ಸಿಟ್ಟು ಬರುವ ವಿಷಯ ಇನ್ನೊಂದಿದೆ. ನಮ್ಮ ಅಡ್ಡರಸ್ತೆಗಳಲ್ಲಿ ತುಂಬಿರುವ ಕಾರುಗಳು ಎಷ್ಟೋ ನಮ್ಮವಲ್ಲ, ಪಕ್ಕದ ಮುಖ್ಯರಸ್ತೆಯ ವಾಣಿಜ್ಯ ಕಟ್ಟಡಗಳಿಗೆ ಬಂದವರದ್ದು. ಆ ಕಟ್ಟಡಗಳ ನಕ್ಷೆಯಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಅಂತ ಇರುತ್ತದೆ. ಪರವಾನಗಿ ಸಿಕ್ಕಿದ್ದೇ ಅದನ್ನು ತೋರಿಸಿ. ಕೆಳಗೆ ಇಳಿದು ನೋಡಿದರೆ ಗೋದಾಮು, ಹೋಟೆಲಿನ ಅಡುಗೆಮನೆ, ಬಾಡಿಗೆ ಅಂಗಡಿ. ಒಳಗಿನ ಜಾಗದಿಂದ ಬಾಡಿಗೆ ಬರುತ್ತದೆ, ಕಾರುಗಳು ರಸ್ತೆಗೆ ಬರುತ್ತವೆ, ನೋ ಪಾರ್ಕಿಂಗ್ ಬೋರ್ಡ್ ನಮ್ಮ ಮನೆ ಮುಂದೆ ಬರುತ್ತದೆ. ಇದು ಅನ್ಯಾಯ. ನಿಮ್ಮ ರಸ್ತೆಯ ಕಥೆಯೂ ಹೀಗೇ ಇದ್ದರೆ ಪಾಲಿಕೆಗೆ ಕೊಡುವ ಅರ್ಜಿಯಲ್ಲಿ ಮೊದಲ ಜಾಗ ಇದಕ್ಕೆ ಕೊಡಿ. ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಎಷ್ಟು, ಈಗ ಇರುವುದು ಎಷ್ಟು ಅಂತ ಕೇಳಿ. ಇದನ್ನು ತೆರವು ಮಾಡಿಸುವುದು ಪೂರ್ತಿ ಪಾಲಿಕೆಯ ಕೆಲಸ, ಪೊಲೀಸರದ್ದಲ್ಲ. ಹಂಪನಕಟ್ಟೆಯ ಹಳೆ ಬಸ್ ನಿಲ್ದಾಣದ ಜಾಗದಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟುವ ಯೋಜನೆ ಎಷ್ಟು ವರ್ಷ ಎಳೆಯಿತು ಅಂತ ನಮಗೆಲ್ಲ ಗೊತ್ತು. ಹೊಸದನ್ನು ಕಟ್ಟುವುದಕ್ಕಿಂತ ಈಗಾಗಲೇ ಕಟ್ಟಿ ಮುಚ್ಚಿಟ್ಟ ಬೇಸ್‌ಮೆಂಟ್ ಬಿಡಿಸುವುದು ಬೇಗ ಆಗುವ ಕೆಲಸ ಅಂತ ನನ್ನ ನಂಬಿಕೆ.

ಅರ್ಜಿ ಎಲ್ಲಿಗೆ ಕೊಡಬೇಕು ಅಂದರೆ, ಮೊದಲು ನಿಮ್ಮ ವ್ಯಾಪ್ತಿಯ ಸಂಚಾರ ಠಾಣೆ. ಮಂಗಳೂರಿನಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ನಾಲ್ಕಿವೆ. ಅರ್ಜಿಯ ಒಂದೊಂದು ಪ್ರತಿಯನ್ನು ಕಮಿಷನರ್ ಕಚೇರಿಗೆ ಮತ್ತು ಲಾಲ್‌ಬಾಗಿನ ಪಾಲಿಕೆ ಕಚೇರಿಗೆ ಕೊಡಿ. ಎಲ್ಲ ಕಡೆ ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ, ಮಂಗಳೂರು ಅದರಲ್ಲಿ ಬರುತ್ತದೆ. ನಿಮ್ಮ ವಾರ್ಡಿನ ಸಮಿತಿ ಸಭೆ ಸೇರುತ್ತಿದ್ದರೆ ಅಲ್ಲಿ ವಿಷಯ ಮಂಡಿಸಿ ನಡಾವಳಿಯಲ್ಲಿ ಬರೆಸಿ. ಇನ್ನೊಂದು ದಾರಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಪೊಲೀಸ್, ಆರ್‌ಟಿಓ, ಲೋಕೋಪಯೋಗಿ ಇಲಾಖೆಯವರು ಒಂದೇ ಮೇಜಿನಲ್ಲಿ ಸಿಗುವುದು ಅಲ್ಲಿ. ಹೆದ್ದಾರಿಗೆ ತಾಗಿದ ರಸ್ತೆ ಆಗಿದ್ದರೆ, ಉದಾಹರಣೆಗೆ ರಾಷ್ಟ್ರೀಯ ಹೆದ್ದಾರಿ 66ರ ಡಿವೈಡರ್ ಮುಚ್ಚಿದ್ದರಿಂದ ನಿಮಗೆ ಸುತ್ತು ಬಂದಿದ್ದರೆ, ಹೆದ್ದಾರಿ ಪ್ರಾಧಿಕಾರಕ್ಕೂ ಬರೆಯಬೇಕು. ಮಣಿಪಾಲ, ಉಡುಪಿಯ ಮೂಲಕ ಹೋಗುವ 169-ಎ ವಿಷಯದಲ್ಲೂ ರಾಷ್ಟ್ರೀಯ ಹೆದ್ದಾರಿಯವರನ್ನೇ ಕೇಳಬೇಕು, ನಗರಸಭೆಯ ಕೈಯಲ್ಲಿ ಅದು ಇಲ್ಲ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಆದೇಶದ ಪ್ರತಿ, ಗೆಜೆಟ್ ಅಧಿಸೂಚನೆಯ ಪ್ರತಿ, ಸ್ಥಳ ಪರಿಶೀಲನೆಯ ವರದಿ, ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚನೆ ಮಾಡಿದ ಪತ್ರ, ಈ ನಾಲ್ಕನ್ನು ಕೇಳಿ. "ಯಾಕೆ ಮಾಡಿದಿರಿ" ಅಂತ ಬರೆಯಬೇಡಿ, ಕಡತದಲ್ಲಿರುವ ಕಾಗದವನ್ನೇ ಹೆಸರಿಸಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಗೆರೆ ಎಳೆಯುವುದು, ಬೋರ್ಡ್ ಬದಲಿಸುವುದು ನಿಮ್ಮ ಬೇಡಿಕೆಯಲ್ಲಿ ಇದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ಕಾಗದಪತ್ರ ಮುಗಿಸಿಟ್ಟುಕೊಳ್ಳಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಗೆ ರಸ್ತೆಯಲ್ಲಿ ಬಣ್ಣ ನಿಲ್ಲುವುದಿಲ್ಲ. ನಿಮ್ಮ ರಸ್ತೆಯ ಅಗಲ ಎಷ್ಟು, ಎರಡೂ ತುದಿ ಯಾವ ರಸ್ತೆಗೆ ಸೇರುತ್ತದೆ ಅಂತ ಕೆಳಗೆ ಬರೆದರೆ ಅರ್ಜಿಯ ಒಕ್ಕಣೆಗೆ ನಾನು ಸಹಾಯ ಮಾಡುತ್ತೇನೆ.