ಓದುಗರ ಪ್ರಶ್ನೆ: ವಿಮಾನಗಳು ನಿಲ್ದಾಣದ ಸಮೀಪವೇ ಡಿಕ್ಕಿಯಾಗುವುದೇಕೆ?

ಪ್ರಶ್ನೆ: ಆಕಾಶ ಅಷ್ಟು ವಿಶಾಲವಾಗಿದ್ದರೂ ವಿಮಾನಗಳು ಒಂದಕ್ಕೊಂದು ಡಿಕ್ಕಿಯಾಗುವುದು ಹೇಗೆ? ಅದೂ ನಿಲ್ದಾಣಗಳ ಹತ್ತಿರವೇ ಏಕೆ?
– ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಎತ್ತರದಲ್ಲಿ ಸಮಮಟ್ಟದಲ್ಲಿ ಸಾಗುವ ವಿಮಾನಗಳಿಗೆ ನಿಗದಿತ ಮಾರ್ಗ ಮತ್ತು ಎತ್ತರಗಳಿರುತ್ತವೆ, ಒಂದರ ಮೇಲೊಂದು ಹಾದುಹೋಗುವಾಗಲೂ ನಡುವೆ ಸಾಮಾನ್ಯವಾಗಿ 1,000 ಅಡಿಗೆ ಕಡಿಮೆಯಿಲ್ಲದ ಅಂತರವಿರುತ್ತದೆ. ನಿಲ್ದಾಣ ಹತ್ತಿರವಾದಂತೆ ಈ ವ್ಯವಸ್ಥೆ ಇಕ್ಕಟ್ಟಾಗುತ್ತದೆ. ಇಡೀ ಗೋಮಾಳದಲ್ಲಿ ಹರಡಿ ಮೇಯುತ್ತಿದ್ದ ದನಗಳು ಸಂಜೆ ಊರಿನ ಒಂದೇ ಓಣಿಗೆ ನುಗ್ಗುವಂತೆ, ಹಲವು ದಿಕ್ಕುಗಳಿಂದ ಬಂದ ವಿಮಾನಗಳು ಒಂದೇ ರನ್‌ವೇಯ ನೇರಕ್ಕೆ ಬರಬೇಕು. ಅದೇ ಹೊತ್ತಿಗೆ ಹೊರಡುವ ವಿಮಾನಗಳು ಅವುಗಳ ಎತ್ತರವನ್ನು ದಾಟಿ ಮೇಲೇರಬೇಕು. ಇಳಿಯುವ ಸಿದ್ಧತೆಯಲ್ಲಿ ಪೈಲಟ್‌ಗಳಿಗೆ ಕೆಲಸ ಹೆಚ್ಚಾಗಿರುವುದೂ ಇದೇ ಹಂತದಲ್ಲಿ.

ಇದರ ಅತ್ಯಂತ ದಾರುಣ ಉದಾಹರಣೆ ನಮ್ಮ ದೇಶದ್ದೇ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿಯಾ ಸಂಸ್ಥೆಯ ಬೋಯಿಂಗ್ 747 ಮತ್ತು ದೆಹಲಿಗೆ ಇಳಿಯಲು ಬರುತ್ತಿದ್ದ ಕಜಾಕಸ್ತಾನದ ಇಲ್ಯೂಷಿನ್-76 ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಡಿಕ್ಕಿಯಾಗಿ, ಎರಡರಲ್ಲಿದ್ದ 349 ಮಂದಿಯೂ ಸತ್ತರು. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇಷ್ಟು ಜನರನ್ನು ಬಲಿ ಪಡೆದದ್ದು ಬೇರೊಂದಿಲ್ಲ. ಸೌದಿ ವಿಮಾನಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಅಡಿ ಎತ್ತರವನ್ನು ನಿಗದಿಪಡಿಸಲಾಗಿತ್ತು. ಎದುರಿನಿಂದ ವಿಮಾನ ಬರುತ್ತಿದೆ ಎಂದು, ನೆಲದಿಂದ ವಿಮಾನಗಳಿಗೆ ದಾರಿ ಮತ್ತು ಎತ್ತರ ಸೂಚಿಸುವ ನಿಯಂತ್ರಕರು ಕಜಕ್ ಸಿಬ್ಬಂದಿಗೆ ತಿಳಿಸಿಯೂ ಇದ್ದರು. ಆದರೆ ಆ ವಿಮಾನ ತನ್ನ ಮಟ್ಟದಲ್ಲಿ ನಿಲ್ಲದೆ ಕೆಳಗಿಳಿಯುತ್ತಲೇ ಹೋಯಿತು. ಅಪಘಾತದ ತನಿಖೆ ನಡೆಸಿದ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಆಯೋಗ ಅದನ್ನೇ ಮೂಲ ಕಾರಣವೆಂದು ಗುರುತಿಸಿತು.

ತಪ್ಪು ಸಿಬ್ಬಂದಿಯದೆಂದು ಹೇಳಿ ಕಡತ ಮುಚ್ಚುವುದು ಸುಲಭ. ಆದರೆ ಆ ತಪ್ಪು ಯಾರ ಕಣ್ಣಿಗೂ ಬೀಳದೆ ಕೊನೆಯವರೆಗೆ ಸಾಗಿದ್ದೇಕೆ ಎಂಬ ಪ್ರಶ್ನೆ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಸುತ್ತಲಿನ ವಾಯುಪ್ರದೇಶದ ಬಹುಪಾಲು ಸೇನೆಯ ವಶದಲ್ಲಿದ್ದುದರಿಂದ ದೆಹಲಿಗೆ ಬರುವ ಮತ್ತು ಅಲ್ಲಿಂದ ಹೋಗುವ ನಾಗರಿಕ ವಿಮಾನಗಳು ಒಂದೇ ಕಾರಿಡಾರ್ ಬಳಸುತ್ತಿದ್ದವು. ನಿಯಂತ್ರಕರ ಮುಂದಿದ್ದ ರೇಡಾರ್ ವಿಮಾನದ ದಿಕ್ಕು ಮತ್ತು ದೂರವನ್ನು ತೋರಿಸುತ್ತಿತ್ತೇ ಹೊರತು ಎತ್ತರವನ್ನಲ್ಲ. ಎತ್ತರ ತಿಳಿಯಲು ಪೈಲಟ್‌ನ ಮಾತನ್ನೇ ನಂಬಬೇಕಿತ್ತು. ಅಂದರೆ ಎದುರುಬದುರಾಗಿ ಧಾವಿಸುವ ಎರಡು ವಿಮಾನಗಳ ಸುರಕ್ಷತೆ ರೇಡಿಯೊದಲ್ಲಿ ಹೇಳಿದ, ಇನ್ನೊಬ್ಬರು ಪಾಲಿಸಬೇಕಾದ ಒಂದು ಸಂಖ್ಯೆಯ ಮೇಲೆ ನಿಂತಿತ್ತು. ದುರಂತದ ನಂತರ ಬರುವ ಮತ್ತು ಹೋಗುವ ದಾರಿಗಳು ಬೇರೆಬೇರೆಯಾದವು, ಎತ್ತರವನ್ನೂ ತೋರಿಸುವ ರೇಡಾರ್ ಬಳಕೆಗೆ ಬಂತು, ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಸಾಧನ ಕಡ್ಡಾಯವಾಯಿತು.

ಪ್ರಶ್ನೆ: ಆ ಸಾಧನ, ಅಂದರೆ ಟಿಕ್ಯಾಸ್, ಇರುವಾಗ ಇಂದು ಇಂಥ ಅಪಘಾತಗಳು ಅಸಾಧ್ಯವಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಅಸಾಧ್ಯವಲ್ಲ. ಟಿಕ್ಯಾಸ್ ಸುತ್ತಲಿನ ವಿಮಾನಗಳಲ್ಲಿರುವ, ಸಂಕೇತಕ್ಕೆ ತಾನಾಗಿ ಉತ್ತರಿಸುವ ರೇಡಿಯೊ ಉಪಕರಣಗಳಾದ ಟ್ರಾನ್ಸ್‌ಪಾಂಡರ್‌ಗಳಿಗೆ ಸಂಕೇತ ಕಳಿಸಿ, ಬರುವ ಉತ್ತರದಿಂದ ದೂರ ಮತ್ತು ಎತ್ತರವನ್ನು ಲೆಕ್ಕ ಹಾಕುತ್ತದೆ. ಮೊದಲು ಎಚ್ಚರಿಸುತ್ತದೆ, ಅಪಾಯ ಸಮೀಪಿಸಿದರೆ ಒಂದು ವಿಮಾನಕ್ಕೆ ಏರಲು, ಇನ್ನೊಂದಕ್ಕೆ ಇಳಿಯಲು ಆದೇಶಿಸುತ್ತದೆ. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗೆನ್ ಮೇಲೆ ರಷ್ಯಾದ ಟುಪೊಲೆವ್ ವಿಮಾನಕ್ಕೆ ಈ ಸಾಧನ ಏರಲು ಹೇಳಿತು, ನಿಯಂತ್ರಕರು ಇಳಿಯಲು ಹೇಳಿದರು. ಪೈಲಟ್‌ಗಳು ನಿಯಂತ್ರಕರ ಮಾತು ಕೇಳಿದರು. ಎದುರಿನ ಡಿಎಚ್‌ಎಲ್ ಸರಕು ವಿಮಾನ ತನ್ನ ಸಾಧನದ ಆದೇಶದಂತೆ ಅದೂ ಇಳಿಯಿತು. ಬಹುಪಾಲು ಮಕ್ಕಳೇ ಸೇರಿದಂತೆ 71 ಮಂದಿ ಸತ್ತರು. ನಿಯಂತ್ರಕರ ಮತ್ತು ಸಾಧನದ ಸೂಚನೆ ಭಿನ್ನವಾದಾಗ ಸಾಧನದ ಆದೇಶವನ್ನೇ ಪಾಲಿಸಬೇಕೆಂಬ ನಿಯಮ ಆಮೇಲೆ ಜಗತ್ತಿನಾದ್ಯಂತ ಸ್ಪಷ್ಟವಾಯಿತು.

ಆದರೆ ನೆಲಕ್ಕೆ ಸುಮಾರು 1,000 ಅಡಿಗಿಂತ ಸಮೀಪದಲ್ಲಿ ಟಿಕ್ಯಾಸ್ ಏರು, ಇಳಿ ಎಂಬ ಆದೇಶ ಕೊಡುವುದಿಲ್ಲ. ಅಷ್ಟು ತಗ್ಗಿನಲ್ಲಿ ಇಳಿಯೆಂದರೆ ನೆಲಕ್ಕೇ ಅಪ್ಪಳಿಸುವ ಭಯ. ಹೀಗಾಗಿ ದಟ್ಟಣೆ ಅತಿ ಹೆಚ್ಚಿರುವ ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲೇ ಈ ರಕ್ಷಣೆ ತೆಳುವಾಗುತ್ತದೆ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್ನಿನ ರೇಗನ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಪ್ರಯಾಣಿಕ ವಿಮಾನಕ್ಕೆ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಬಡಿದದ್ದು ಸುಮಾರು 300 ಅಡಿ ಎತ್ತರದಲ್ಲಿ. 67 ಮಂದಿ ಸತ್ತರು. ವಿಮಾನ ಕಾಣುತ್ತಿದೆ, ನಾವೇ ಅಂತರ ಕಾಯ್ದುಕೊಳ್ಳುತ್ತೇವೆ ಎಂದು ಹೆಲಿಕಾಪ್ಟರ್ ಸಿಬ್ಬಂದಿ ಹೇಳಿದ್ದರು. ಕಣ್ಣಿನಿಂದ ನೋಡಿ ತಪ್ಪಿಸಿಕೊಳ್ಳುವ ಈ ಪದ್ಧತಿ ಎಲ್ಲಕ್ಕಿಂತ ದುರ್ಬಲ ಎಂಬುದು ನನ್ನ ಅಭಿಪ್ರಾಯ: ನಗರದ ಸಾವಿರಾರು ದೀಪಗಳ ನಡುವೆ ಯಾವ ದೀಪ ವಿಮಾನದ್ದು, ಕಂಡದ್ದು ನಿಯಂತ್ರಕರು ಹೇಳಿದ ವಿಮಾನವೇ ಎಂದು ಖಚಿತಪಡಿಸಿಕೊಳ್ಳುವುದು ಕಷ್ಟ.

ಹೆಲಿಕಾಪ್ಟರ್‌ಗೆ ಅಲ್ಲಿ ಗರಿಷ್ಠ 200 ಅಡಿಯ ಮಿತಿಯಿತ್ತು, ಅದನ್ನು ಮೀರಿತ್ತು, ನಿಜ. ಆದರೆ ಅಮೆರಿಕದ ತನಿಖಾ ಮಂಡಳಿಯ ಲೆಕ್ಕದಂತೆ, ಎಲ್ಲರೂ ಮಿತಿಯೊಳಗೇ ಇದ್ದರೂ ಆ ರನ್‌ವೇಗೆ ಇಳಿಯುವ ವಿಮಾನಕ್ಕೂ ಹೆಲಿಕಾಪ್ಟರ್ ಮಾರ್ಗಕ್ಕೂ ನಡುವಿನ ಅಂತರ ಕೇವಲ 75 ಅಡಿಯಾಗಬಹುದಿತ್ತು. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಆ ನಿಲ್ದಾಣದ ಸುತ್ತ ವಿಮಾನ ಮತ್ತು ಹೆಲಿಕಾಪ್ಟರ್‌ಗಳು ಅಡ್ಡಲಾಗಿ ಒಂದು ನಾಟಿಕಲ್ ಮೈಲಿ (ಸುಮಾರು 1.85 ಕಿ.ಮೀ.) ಹಾಗೂ ಎತ್ತರದಲ್ಲಿ 400 ಅಡಿಗಿಂತ ಹತ್ತಿರ ಬಂದ 15,214 ಘಟನೆಗಳು ದಾಖಲಾಗಿದ್ದವು. ಇಷ್ಟು ಮುನ್ಸೂಚನೆಯಿದ್ದೂ ಆ ಮಾರ್ಗವನ್ನು ಮುಚ್ಚಿದ್ದು ಸಾವುಗಳಾದ ಮೇಲೆ.

ಪ್ರಶ್ನೆ: ಬೆಂಗಳೂರಿನಲ್ಲಿ ಇಂಥ ಅಪಾಯ ಎಂದಾದರೂ ಎದುರಾಗಿದೆಯೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಎದುರಾಗಿದೆ. 2022ರ ಜನವರಿ 7ರ ಬೆಳಿಗ್ಗೆ ಕೆಂಪೇಗೌಡ ಅಂತರರಾಷ್ಟ್ರೀಯ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಕೋಲ್ಕತ್ತ ಮತ್ತು ಭುವನೇಶ್ವರಕ್ಕೆ ಹೊರಟ ಎರಡು ಇಂಡಿಗೊ ವಿಮಾನಗಳು ಬಹುತೇಕ ಒಂದೇ ಸಮಯಕ್ಕೆ ಮೇಲೆದ್ದು ಪರಸ್ಪರ ಹತ್ತಿರವಾಗತೊಡಗಿದವು. ಒಂದೇ ರನ್‌ವೇ ಬಳಸಬೇಕೆಂಬ ನಿರ್ಧಾರವಾಗಿತ್ತು. ಅದು ದಕ್ಷಿಣದ ರನ್‌ವೇಯ ನಿಯಂತ್ರಕರಿಗೆ ತಲುಪಿರಲಿಲ್ಲ. ರೇಡಾರ್ ನಿಯಂತ್ರಕರು ಗಮನಿಸಿ ಎರಡಕ್ಕೂ ಬೇರೆ ದಿಕ್ಕು ಸೂಚಿಸಿದ್ದರಿಂದ ಅನಾಹುತ ತಪ್ಪಿತು. ಯಂತ್ರಗಳು ಸರಿಯಾಗಿಯೇ ಇದ್ದವು, ತಪ್ಪಿದ್ದು ಒಂದು ಕೋಣೆಯ ಮಾತು ಇನ್ನೊಂದನ್ನು ಮುಟ್ಟುವಲ್ಲಿ. ಅದಕ್ಕೇ ಇಂಥ ಬದಲಾವಣೆಗಳನ್ನು ಸಂಬಂಧಪಟ್ಟ ಪ್ರತಿಯೊಬ್ಬರೂ ಮರುನುಡಿದು ದೃಢಪಡಿಸುವ ಕ್ರಮ ಕಟ್ಟುನಿಟ್ಟಾಗಿರಬೇಕು.

ಪ್ರಶ್ನೆ: ಕಿಟಕಿಯಿಂದ ಇನ್ನೊಂದು ವಿಮಾನ ತೀರ ಹತ್ತಿರ ಹಾದುಹೋದದ್ದು ಕಂಡರೆ ಭಯಪಡಬೇಕೇ?
– ಗೃಹಿಣಿಯೊಬ್ಬರು, ದಾವಣಗೆರೆ

ಉತ್ತರ: ಬೇಡ. 1,000 ಅಡಿ ಎಂದರೆ ಸುಮಾರು 300 ಮೀಟರ್. ಅಷ್ಟು ಕೆಳಗೆ ಎದುರು ದಿಕ್ಕಿನಲ್ಲಿ ಹೋಗುವ ವಿಮಾನ ಬರಿಗಣ್ಣಿಗೆ ಬಹಳ ಸಮೀಪದಲ್ಲಿದ್ದಂತೆ ಕಾಣುತ್ತದೆ, ಮತ್ತು ಎರಡರ ವೇಗವೂ ಕೂಡುವುದರಿಂದ ಕ್ಷಣಮಾತ್ರದಲ್ಲಿ ಸರ್ರನೆ ಹಾದುಹೋಗುತ್ತದೆ. ಅದು ನಿಯಮದೊಳಗಿನ ಅಂತರವೇ.