ಮರ್ಸೆಡ್ ನದಿ: ಮಾಪಕದ ಅಡಿಯೂ ಹರಿವಿನ ಕ್ಯುಸೆಕ್ಕೂ

ಪ್ರಶ್ನೆ: ಮೇ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಚಾರಣ ಹೊರಟಿದ್ದೇವೆ. ಅಲ್ಲಿ ಮರ್ಸೆಡ್ ನದಿಯ ನೀರಿನ ಮಟ್ಟ ಅಳೆಯುವ ಹ್ಯಾಪಿ ಐಲ್ಸ್ ಕೇಂದ್ರದಲ್ಲಿ ಮಟ್ಟ 5 ಅಡಿ ಎಂದರೆ ನದಿಯ ಆಳ 5 ಅಡಿಯೇ? ಮಳೆಯಿಲ್ಲದಿದ್ದರೂ ರಾತ್ರಿ ನೀರು ಏರುವುದೇಕೆ?

ಉತ್ತರ: ಆಳವಲ್ಲ. ಆ ಅಡಿಯನ್ನು ಎಣಿಸುವುದು ಒಂದು ನಿಗದಿತ ಸೊನ್ನೆಯಿಂದ. ಅಂಕಿ ಋಣಾತ್ಮಕವಾಗದಿರಲೆಂದು ಸೊನ್ನೆಯನ್ನು ಸಾಮಾನ್ಯವಾಗಿ ನದಿಪಾತ್ರಕ್ಕಿಂತ ಕೆಳಗೇ ಇಡುತ್ತಾರೆ. ಹಾಗಾಗಿ ಎರಡು ಕೇಂದ್ರಗಳ ಅಡಿಗಳನ್ನು ಹೋಲಿಸಿ ನೋಡಬೇಡಿ. ಹೋಲಿಸಬೇಕಾದದ್ದು ಹರಿವನ್ನು, ಅಂದರೆ ಕ್ಯುಸೆಕ್ಕನ್ನು. ಕೆಆರ್‌ಎಸ್ ಹೊರಹರಿವಿನ ಸುದ್ದಿಯಲ್ಲಿ ಬರುವ ಕ್ಯುಸೆಕ್ ಇದೇ: ಸೆಕೆಂಡಿಗೆ ಸುಮಾರು 28.3 ಲೀಟರ್.

ರಾತ್ರಿಯ ಏರಿಕೆ ಹಿಮದ್ದು. ಹಿಮ ಹೆಚ್ಚು ಕರಗುವುದು ಮಧ್ಯಾಹ್ನ. ಆ ನೀರು ಹಿಮದ ಪದರದೊಳಗೆ ಇಳಿದು, ತೊರೆಗಳನ್ನು ಸೇರಿ ಕಣಿವೆಗೆ ಬರುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಹ್ಯಾಪಿ ಐಲ್ಸ್‌ನಲ್ಲಿ ದಿನದ ಗರಿಷ್ಠ ಹರಿವು ಕಾಣುವುದು ಸಂಜೆಯ ನಂತರ, ಎಷ್ಟೋ ದಿನ ನಡುರಾತ್ರಿಯ ಆಸುಪಾಸು. ಸೇತುವೆಯಿಲ್ಲದ ತೊರೆಯನ್ನು ಬೆಳಿಗ್ಗೆಯೇ ದಾಟಿ. ಬೆಳಿಗ್ಗೆ ಮೊಣಕಾಲುದ್ದವಿದ್ದ ತೊರೆ ಮರಳುವ ಹೊತ್ತಿಗೆ ಹಾಗೇ ಇರುತ್ತದೆಂದು ನಂಬಬೇಡಿ. ವರ್ನಲ್ ಜಲಪಾತದ ಮೇಲ್ಭಾಗದಲ್ಲಂತೂ ಹರಿವು ಎಷ್ಟೇ ಇರಲಿ, ನೀರಿಗೆ ಕಾಲಿಡಲೇಬೇಡಿ. ಅಲ್ಲಿ ಜೀವಗಳು ಹೋಗಿವೆ.

ಪ್ರಶ್ನೆ: ಮಟ್ಟ ಅಷ್ಟೇ ಇದ್ದರೂ ಕಳೆದ ವರ್ಷಕ್ಕೂ ಈ ವರ್ಷಕ್ಕೂ ಹರಿವಿನ ಅಂಕಿ ಬೇರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಿರಬಹುದು. ಕೇಂದ್ರದ ಉಪಕರಣ ಅಳೆಯುವುದು ಮಟ್ಟವನ್ನು ಮಾತ್ರ. ಹರಿವು ಲೆಕ್ಕದಿಂದ ಬರುತ್ತದೆ. ಅಮೆರಿಕದ ಭೂಗರ್ಭ ಸರ್ವೇಕ್ಷಣಾಲಯದ ಸಿಬ್ಬಂದಿ ಕೆಲವು ವಾರಗಳಿಗೊಮ್ಮೆ ಬಂದು ಹರಿವನ್ನು ನೇರವಾಗಿ ಅಳೆಯುತ್ತಾರೆ. ನದಿಯ ಅಗಲವನ್ನು 25ರಿಂದ 30 ಪಟ್ಟಿಗಳಾಗಿ ಭಾಗಿಸುತ್ತಾರೆ. ಒಂದು ಪಟ್ಟಿಯಲ್ಲಿ ಒಟ್ಟು ಹರಿವಿನ ಶೇ 5ಕ್ಕಿಂತ ಹೆಚ್ಚು ಇರದಂತೆ ನೋಡಿಕೊಳ್ಳುತ್ತಾರೆ. ಆಳ 2.5 ಅಡಿಗಿಂತ ಕಡಿಮೆಯಿದ್ದರೆ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ, ಹೆಚ್ಚಿದ್ದರೆ 0.2 ಮತ್ತು 0.8 ಭಾಗಗಳಲ್ಲಿ ವೇಗ ಅಳೆದು ಸರಾಸರಿ ತೆಗೆಯುತ್ತಾರೆ. ಪಟ್ಟಿಯ ಅಗಲ, ಆಳ, ವೇಗಗಳ ಗುಣಲಬ್ಧಗಳನ್ನೆಲ್ಲ ಕೂಡಿದರೆ ಹರಿವು. ಹೊಳೆಗಿಳಿಯಲಾಗದಷ್ಟು ನೀರಿದ್ದರೆ ಸೇತುವೆಯಿಂದ ಅಥವಾ ನದಿಗೆ ಅಡ್ಡವಾಗಿ ಕಟ್ಟಿದ ತಂತಿಯಿಂದ, ಧ್ವನಿತರಂಗಗಳ ಮೂಲಕ ವೇಗ ಅಳೆಯುವ ಡಾಪ್ಲರ್ ಉಪಕರಣ ಬಿಡುತ್ತಾರೆ. ಇಂಥ ಅಳತೆಗಳಿಂದ ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧದ ರೇಖೆ ಸಿದ್ಧವಾಗುತ್ತದೆ.

ಬೆಟ್ಟದ ನದಿಯಲ್ಲಿ ಈ ರೇಖೆ ಸ್ಥಿರವಾಗಿ ನಿಲ್ಲುವುದಿಲ್ಲ, ತೊಂದರೆಯೆಲ್ಲ ಅಲ್ಲೇ. ಮಾಪಕ ದಾಟಿದ ಮೇಲೆ ನದಿಯ ಕೆಳಹರಿವಿನಲ್ಲಿರುವ ಬಂಡೆ-ಜಲ್ಲಿಯ ದಿಬ್ಬವೇ ಮಟ್ಟವನ್ನು ಹಿಡಿದಿಡುವುದು. ದೊಡ್ಡ ನೆರೆ ಅದನ್ನು ಕೊರೆದರೆ ಅದೇ ಮಟ್ಟಕ್ಕೆ ಹೆಚ್ಚು ನೀರು ಹಾಯುತ್ತದೆ. ಜಲ್ಲಿ ತುಂಬಿದರೆ ಕಡಿಮೆ. 1997ರ ಜನವರಿಯ ನೆರೆಯಲ್ಲಿ ಇದೇ ನದಿಯ ಕೆಳಹರಿವಿನಲ್ಲಿರುವ ಪೊಹೊನೊ ಸೇತುವೆಯ ಬಳಿ ಮಟ್ಟ 23 ಅಡಿ ದಾಟಿತ್ತು. ಅಲ್ಲಿ 10 ಅಡಿಗೇ ನೆರೆಮಟ್ಟ. ಅಂಥ ನೆರೆಯ ನಂತರ ಹೊಸ ಅಳತೆಯಾಗುವವರೆಗೆ ಹಳೆಯ ರೇಖೆಯನ್ನು ನೆಚ್ಚಬಾರದು. ಚಳಿಗಾಲದಲ್ಲಿ ಇನ್ನೊಂದು ಮೋಸ: ತಳಕ್ಕೆ ಅಂಟಿದ ಮಂಜುಗಡ್ಡೆ ನೀರನ್ನು ತಡೆದು, ಹರಿವು ಇಳಿಯುತ್ತಿದ್ದರೂ ಮಟ್ಟವನ್ನು ಏರಿಸುತ್ತದೆ. ಅದಕ್ಕೇ ಹೊಸ ಅಂಕಿಗಳ ಮೇಲೆ ‘ತಾತ್ಕಾಲಿಕ’ ಎಂಬ ಗುರುತಿರುತ್ತದೆ. ಪರಿಶೀಲನೆಯ ನಂತರ ಅವು ಬದಲಾಗುವುದುಂಟು.

ಪ್ರಶ್ನೆ: ಎಚ್ಚರಿಕೆ ಸಂದೇಶ ಪಡೆಯಬಹುದೇ?

ಉತ್ತರ: ಪಡೆಯಬಹುದು. ಸರ್ವೇಕ್ಷಣಾಲಯದ ‘ವಾಟರ್‌ಅಲರ್ಟ್’ ಸೇವೆಯಲ್ಲಿ ಹ್ಯಾಪಿ ಐಲ್ಸ್ ಕೇಂದ್ರದ ಸಂಖ್ಯೆ 11264500 ಆಯ್ದು ಮಿತಿ ಗೊತ್ತುಮಾಡಿ. ಆದರೆ ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ದಾಖಲಾಗುವ ಅಂಕಿ ಉಪಗ್ರಹದ ಮೂಲಕ ಹೊರಡುವುದು ಹೆಚ್ಚಾಗಿ ಗಂಟೆಗೊಮ್ಮೆ. ಗುಡುಗುಮಳೆಗೆ ದಿಢೀರನೆ ಉಕ್ಕುವ ತೊರೆಯ ಸುದ್ದಿ ಅದರಲ್ಲಿ ಹೊತ್ತಿಗೆ ಸರಿಯಾಗಿ ಸಿಗದು.