ರಬ್ಬರ್ ಕೈ ‘ನಂದು’ ಅನ್ನಿಸೋದು ಯಾವಾಗ?

ಪ್ರಶ್ನೆ: ವಿಜ್ಞಾನ ಮೇಳಕ್ಕೆ ರಬ್ಬರ್ ಕೈ ಪ್ರಯೋಗ ಮಾಡಿದೆವು. ಹತ್ತಿ ತುಂಬಿದ ಗ್ಲೌಸನ್ನು ಮೇಜಿನ ಮೇಲಿಟ್ಟು, ವಿದ್ಯಾರ್ಥಿಯ ಎಡಗೈಯನ್ನು ರಟ್ಟಿನ ಹಿಂದೆ ಮರೆಮಾಡಿ, ಇಬ್ಬರು ಹುಡುಗಿಯರು ಒಂದೊಂದು ಕೈಯನ್ನು ಬ್ರಷ್‌ನಿಂದ ಸವರಿದರು. ಗ್ಲೌಸ್ ತನ್ನದೇ ಕೈ ಅಂತ ಯಾರಿಗೂ ಅನ್ನಿಸಲಿಲ್ಲ. ಎಲ್ಲಿ ತಪ್ಪಿತು?
– ಒಬ್ಬ ಶಿಕ್ಷಕಿ, ಶಿರಸಿ

ಉತ್ತರ: ಗ್ಲೌಸ್ ಬಗ್ಗೆ ತಕರಾರಿಲ್ಲ, ಬ್ರಷ್ ಹಿಡಿದವರ ಮೇಲೇ ಅನುಮಾನ. ಇಬ್ಬರು ಸವರಿದರೆ ತಾಳ ತಪ್ಪದೆ ಇರದು. ಅರ್ಧ ಸೆಕೆಂಡು ಹಿಂದುಮುಂದಾದರೂ ಸಾಕು, ಕಣ್ಣಿಗೆ ಕಂಡ ಸ್ಪರ್ಶವೂ ಚರ್ಮಕ್ಕೆ ತಾಗಿದ ಸ್ಪರ್ಶವೂ ಬೇರೆಬೇರೆ ಎಂದು ಮಿದುಳು ತೀರ್ಮಾನಿಸುತ್ತದೆ. ಒಬ್ಬರೇ ಎರಡೂ ಬ್ರಷ್ ಹಿಡಿಯಲಿ. ತೋರುಬೆರಳಿನ ಬುಡದಿಂದ ಉಗುರಿನವರೆಗೆ ಸವರಿದರೆ ಗ್ಲೌಸಿನಲ್ಲೂ ಅದೇ ಬೆರಳು, ಅದೇ ದಿಕ್ಕು. ಎರಡು ಸವರುವಿಕೆಗಳ ನಡುವಿನ ಅಂತರ ಮಾತ್ರ ಒಂದೇ ಸಮ ಇರಬಾರದು. ಗಡಿಯಾರದಂತೆ ಸವರಿದರೆ ಹುಡುಗರು ತೂಕಡಿಸುತ್ತಾರೆ.

ಗ್ಲೌಸ್ ಎಡಗೈಯದೇ ಇರಬೇಕು. ಬೆರಳುಗಳು ಮುಂದಕ್ಕೆ ಚಾಚಿರಲಿ. ವಿದ್ಯಾರ್ಥಿಯ ಕಡೆ ತಿರುಗಿಸಿ ಇಟ್ಟರೆ ಅದು ಎದುರಿಗೆ ಕೂತವರ ಕೈಯಾಗುತ್ತದೆ, ಭ್ರಮೆ ಹುಟ್ಟುವುದಿಲ್ಲ. ನಿಜವಾದ ಕೈಗೂ ಗ್ಲೌಸಿಗೂ 15–20 ಸೆಂ.ಮೀ. ಅಂತರ ಸಾಕು. ಭುಜದಿಂದ ಗ್ಲೌಸಿನ ಮಣಿಕಟ್ಟಿನವರೆಗೆ ಟವೆಲ್ ಹೊದಿಸಿ, ತೋಳು ಅಲ್ಲಿಗೇ ಹೋಗಿದೆ ಅನ್ನಿಸಬೇಕು. 1998ರಲ್ಲಿ ಸಂಶೋಧಕರಾದ ಬಾಟ್ವಿನಿಕ್ ಮತ್ತು ಕೊಹೆನ್ ಈ ಪ್ರಯೋಗವನ್ನು ಪ್ರಕಟಿಸಿದಾಗ ಹತ್ತು ನಿಮಿಷ ಸವರಿದ್ದರು. ಮೇಳದಲ್ಲಿ ಎರಡು ಮೂರು ನಿಮಿಷದಲ್ಲೇ ಫಲ ಕಾಣಬಹುದು.

‘ಅನ್ನಿಸಿತಾ?’ ಅಂತ ಕೇಳಿದರೆ ಮೇಷ್ಟ್ರನ್ನು ಮೆಚ್ಚಿಸಲು ಹೂಂ ಅಂದುಬಿಡುತ್ತಾರೆ. ಅಳೆದು ನೋಡುವುದೇ ಮೇಲು. ಕಣ್ಣು ಮುಚ್ಚಿಸಿ, ಬಲಗೈ ಬೆರಳನ್ನು ಮೇಜಿನ ಕೆಳಗೆ ಜಾರಿಸುತ್ತಾ ಎಡ ತೋರುಬೆರಳಿನ ನೇರಕ್ಕೆ ನಿಲ್ಲಿಸಲು ಹೇಳಿ. ಸವರುವ ಮೊದಲೊಮ್ಮೆ, ಆಮೇಲೊಮ್ಮೆ ಗುರುತು ಹಾಕಿ. ಎರಡನೆಯ ಗುರುತು ಗ್ಲೌಸಿನ ಕಡೆಗೆ ಕೆಲವು ಸೆಂ.ಮೀ. ಸರಿದಿದ್ದರೆ, ಕೈ ಎಲ್ಲಿದೆ ಎಂಬ ಕೀಲುಗಳ ವರದಿಯನ್ನು ಕಣ್ಣು ತಿದ್ದಿದೆ ಎಂದರ್ಥ. ಬೇಕೆಂದೇ ತಾಳ ತಪ್ಪಿಸಿಯೂ ಒಂದು ಸುತ್ತು ಮಾಡಿ ಹೋಲಿಸಿ. ಎಲ್ಲ ಸರಿಯಿದ್ದೂ ಕೆಲವರಿಗೆ ಏನೂ ಆಗುವುದಿಲ್ಲ. ಅದು ನಿಮ್ಮ ತಪ್ಪಲ್ಲ.

ಪ್ರಶ್ನೆ: ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಯಾಕೆ ಬರಲ್ಲ?
– ಓದುಗ, ಹಾಸನ

ಉತ್ತರ: ಕೈಗೆ ಅಪ್ಪಣೆ ಹೋಗುವಾಗಲೇ ಯಾವ ಸ್ಪರ್ಶ ಬರಲಿದೆ ಎಂದು ಮಿದುಳು ಲೆಕ್ಕ ಹಾಕಿಟ್ಟಿರುತ್ತದೆ. ಬಂದದ್ದು ಲೆಕ್ಕಕ್ಕೆ ಹೊಂದಿದರೆ ‘ಇದು ನಾನೇ ಮಾಡಿದ್ದು’ ಎಂದು ಅದರ ತೀವ್ರತೆ ತಗ್ಗಿಸುತ್ತದೆ. ಲಂಡನ್ನಿನಲ್ಲಿ ನರವಿಜ್ಞಾನಿ ಸಾರಾ ಬ್ಲೇಕ್‌ಮೋರ್ ತಂಡ ನಡುವೆ ಯಂತ್ರವೊಂದನ್ನಿಟ್ಟು, ಒಬ್ಬರ ಎಡಗೈ ಚಲನೆ ಅವರದೇ ಬಲ ಅಂಗೈಗೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ಮೂರು ಭಾಗದಷ್ಟು ತಡವಾಗಿ ಮುಟ್ಟುವಂತೆ ಮಾಡಿತು. ತಡ ಹೆಚ್ಚಿದಷ್ಟೂ ಕಚಗುಳಿ ಹೆಚ್ಚಾಯಿತು.